ಫೋಲ್ಡ್‌ಸ್ಕೋಪ್: ಕಾಗದದ ಮೈಕ್ರೋಸ್ಕೋಪು ಎಷ್ಟು ಕೆಲಸಕ್ಕೆ ಬರುತ್ತೆ?

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡದ ಈ ಮಡಚುವ ಮೈಕ್ರೋಸ್ಕೋಪಿನಲ್ಲಿ ಮುಖ್ಯವಾಗಿ ಇರುವುದು ಕಾಗದ ಮತ್ತು ಲೆನ್ಸಾಗಿ ಕೆಲಸ ಮಾಡುವ ಪುಟ್ಟ ಗಾಜಿನ ಗುಂಡು. ಹಿಗ್ಗಿಸುವುದು 140 ಪಟ್ಟು. ಈರುಳ್ಳಿಯ ಪೊರೆಯನ್ನು ತೆಳ್ಳಗೆ ಸುಲಿದು, ಸ್ಲೈಡಿನ ಮೇಲಿಟ್ಟು, ಒಂದು ಹನಿ ಅಯೋಡಿನ್ ಬಿಟ್ಟು, ಕವರ್‌ಸ್ಲಿಪ್ (ಮೇಲೆ ಮುಚ್ಚುವ ತೆಳು ಹಾಳೆ) ಮುಚ್ಚಿದರೆ ಜೀವಕೋಶದ ಗೋಡೆ, ನ್ಯೂಕ್ಲಿಯಸ್ ಎರಡೂ ಕಾಣುತ್ತವೆ. ಕವರ್‌ಸ್ಲಿಪ್ ಲೆನ್ಸಿನ ಕಡೆಗೇ ಇರಬೇಕು. ತಿರುವುಮುರುವಾದರೆ ಸ್ಲೈಡಿನ ದಪ್ಪ ಅಡ್ಡಬಂದು ಫೋಕಸ್ಸೇ ಸಿಗದು. ನೀರು ಹೆಚ್ಚಾಗಿ ಲೆನ್ಸಿಗೆ ತಾಗಿತೋ, ಎಲ್ಲ ಮಸುಕು. ಕೆರೆನೀರಿನ ಪ್ಯಾರಮೀಸಿಯಂ ಎಂಬ ಒಂದೇ ಕೋಶದ ಜೀವಿ ಕಣ್ಣಿಗೆ ಬೀಳುವಷ್ಟರಲ್ಲಿ ಓಡಿರುತ್ತದೆ, ಹತ್ತಿಯ ನಾಲ್ಕು ಎಳೆ ಹಾಕಿದರೆ ಸ್ವಲ್ಪ ನಿಧಾನವಾಗುತ್ತದೆ. ಮೊಬೈಲಿಗೆ ಜೋಡಿಸಲು ಆಯಸ್ಕಾಂತದ ಬಿಲ್ಲೆ ಇದೆ. ಚಿತ್ರದ ಅಂಚು ಮಾತ್ರ ಹೇಗೂ ಮಸುಕೇ. ಬ್ಯಾಕ್ಟೀರಿಯಾ ನೋಡುವ ಆಸೆಗೆ ಇದನ್ನು ಕೊಳ್ಳಬೇಡಿ. ಸೂರ್ಯನಿಗೆ ನೇರವಾಗಿ ಹಿಡಿದು ಕಣ್ಣಿಡುವುದಂತೂ ಬೇಡವೇ ಬೇಡ.