ಬಣ್ಣದ ಗೆರೆಯೋ, ಮರಗಳ ಸಾಲೋ?

ಸೈಕಲ್ ಪಥವನ್ನು ಬೇರ್ಪಡಿಸಲು ರಸ್ತೆಯ ಮೇಲೆ ಬಣ್ಣದ ಗೆರೆ ಎಳೆಯಬಹುದು, ಇಲ್ಲವೇ ವಾಹನಗಳಿಗೂ ಸೈಕಲ್‌ಗಳಿಗೂ ನಡುವೆ ಮರಗಳ ಸಾಲು ನೆಡಬಹುದು.

ಗೆರೆ ಅಗ್ಗ, ಬೇಗ ಮುಗಿಯುವ ಕೆಲಸ. ಆದರೆ ಅದು ಯಾರನ್ನೂ ತಡೆಯುವುದಿಲ್ಲ. ಒಂದು ಕಾರು ಅದರ ಮೇಲೆ ನಿಂತರೆ ಸಾಕು, ಸವಾರ ಬಸ್ಸಿನ ಚಕ್ರದ ಪಕ್ಕಕ್ಕೆ ಸರಿಯಬೇಕು. ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದರೆ ಹ್ಯಾಂಡಲ್‌ಗೇ ಬಡಿಯುತ್ತದೆ.

ಮರಗಳಿಗೆ ಹಣ, ಬೇರಿಳಿಯಲು ಮಣ್ಣು, ವರ್ಷಗಟ್ಟಲೆ ಆರೈಕೆ ಬೇಕು. ಪ್ರತಿಯಾಗಿ ನಡೆಯುವವರಿಗೂ ನೆರಳು, ಇಂಗುವ ಮಳೆನೀರು, ಮಗುವನ್ನು ಸೈಕಲ್ ಮೇಲೆ ಕಳಿಸುವ ಧೈರ್ಯ ಸಿಗುತ್ತದೆ. ತಿರುವುಗಳಲ್ಲಿ ಮಾತ್ರ ಪೊದೆ ಬೇಡ. ಚಾಲಕರಿಗೆ ಸವಾರ ಕಾಣಲೇಬೇಕು.

ನಾನಾದರೆ ಮರಗಳನ್ನೇ ಆರಿಸುತ್ತೇನೆ. ಜಾಗವಿಲ್ಲದ ಕಿರುಬೀದಿಯಲ್ಲಿ ಎರಡನ್ನೂ ಬಿಟ್ಟು ವೇಗ ಇಳಿಸಿ: ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ವಾಹನದ ಚಲನಶಕ್ತಿ, 30 ಕಿ.ಮೀ. ವೇಗದಲ್ಲಿ ಇರುವುದರ ಸುಮಾರು 2.8 ಪಟ್ಟು.