ವೀಡೋಟ್ಯೂಬ್ ಮಿನಿ: ನಾಲ್ಕು ಚಿತ್ರ, ಒಂದು ಮೈಕ್

ಲೈವ್‌ನಲ್ಲಿ ಮುಖ ತೋರಿಸಲು ಇಷ್ಟವಿಲ್ಲ, ಚಿತ್ರದ ಭಾಗಗಳನ್ನು ಬೇರೆ ಬೇರೆಯಾಗಿ ಅಲುಗಾಡಿಸುವ ಲೈವ್2ಡಿ ಮಾಡೆಲ್ ಮಾಡಿಸುವಷ್ಟು ದುಡ್ಡೂ ಇಲ್ಲ ಎನ್ನುವವರಿಗೆ ವೀಡೋಟ್ಯೂಬ್ ಮಿನಿ ಹೇಳಿ ಮಾಡಿಸಿದ ಸಾಫ್ಟ್‌ವೇರ್. ಮೈಕ್‌ಗೆ ದನಿ ಬಿದ್ದಾಗ, ನಿಮ್ಮ ಮುಖದ ಬದಲು ಪರದೆಯ ಮೇಲಿರುವ ಚಿತ್ರದ ಬಾಯಿ ತೆರೆಯುತ್ತದೆ, ದನಿ ನಿಂತಾಗ ಮುಚ್ಚುತ್ತದೆ. ಕ್ಯಾಮೆರಾ ಬೇಡ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೂಡ ಬೇಡ. ಇಚ್ ಡಾಟ್ ಐಒ ತಾಣದಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಉಚಿತವೇ, ಆದರೆ ಮನಸ್ಸಿದ್ದವರು ಕೈಲಾದಷ್ಟು ಕೊಡಬಹುದು. ವಿಂಡೋಸ್‌ನಲ್ಲಿ ಜಿಪ್ ಬಿಚ್ಚಿ ಫೋಲ್ಡರ್ ಒಳಗಿನ ಪ್ರೋಗ್ರಾಂ ಓಡಿಸಿದರೆ ಮುಗಿಯಿತು. ಜಿಪ್ ಬಿಚ್ಚದೆ ಒಳಗಿಂದಲೇ ಓಡಿಸಲು ಹೋದರೆ ಮಾತ್ರ ತಕರಾರು ಶುರು.

ಒಂದು ಭಾವಕ್ಕೆ ನಾಲ್ಕು ಚಿತ್ರ ಬೇಕು: ಕಣ್ಣು ತೆರೆದು ಬಾಯಿ ಮುಚ್ಚಿದ್ದು, ಕಣ್ಣೂ ಬಾಯಿಯೂ ಮುಚ್ಚಿದ್ದು, ಎರಡೂ ತೆರೆದದ್ದು, ಬಾಯಿ ತೆರೆದು ಕಣ್ಣು ಮುಚ್ಚಿದ್ದು. ಕಣ್ಣು ಮಿಟುಕಿಸುವ ಕೆಲಸವನ್ನು ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ. ಚಿತ್ರ ಬರೆಯಲು ಕಂಪ್ಯೂಟರಿನ ಕ್ರಿಟಾ ಆಗಲಿ, ಫೋನಿನ ಐಬಿಸ್ ಪೇಂಟ್ ಆಗಲಿ, ಒಂದೇ ಕ್ಯಾನ್‌ವಾಸ್‌ನಲ್ಲಿ ಕಣ್ಣು, ಬಾಯಿಗಳನ್ನು ಬೇರೆ ಬೇರೆ ಲೇಯರ್ (ಪದರ) ಮಾಡಿ ಬರೆಯಿರಿ. ಲೇಯರ್ ಮರೆಮಾಡುತ್ತ, ತೋರಿಸುತ್ತ ನಾಲ್ಕು ಬಾರಿ ಪಿಎನ್‌ಜಿ ತೆಗೆಯಿರಿ. ಖಾಲಿ ಅಂಚು ಕತ್ತರಿಸಲು ಹೋಗಬೇಡಿ. ನಾಲ್ಕರ ಅಳತೆಯೂ ಒಂದೇ ಇರದಿದ್ದರೆ ಮಾತಿಗೊಮ್ಮೆ ತಲೆ ಪಕ್ಕಕ್ಕೆ ಜಿಗಿಯುತ್ತದೆ. 1080ಪಿ ಲೈವ್‌ನ ಮೂಲೆಯಲ್ಲಿ ಕೂರುವ ಚಿತ್ರಕ್ಕೆ 1000×1000 ಪಿಕ್ಸೆಲ್ ಧಾರಾಳ. ಜೆಪಿಜಿ ಬೇಡ, ಅದರಲ್ಲಿ ಪಾರದರ್ಶಕ ಹಿನ್ನೆಲೆ ಉಳಿಯುವುದಿಲ್ಲ.

ಬಹಳಷ್ಟು ಜನ ಚಿತ್ರದ ಮೇಲೆ ವಾರಗಟ್ಟಲೆ ಕೂರುತ್ತಾರೆ, ಮೈಕ್ ಹೊಂದಿಸಲು ಐದು ನಿಮಿಷವನ್ನೂ ಕೊಡುವುದಿಲ್ಲ. ಈ ಚಿತ್ರದ ಗೊಂಬೆಗೆ ಜೀವ ಬರುವುದು ಮೈಕ್‌ನಿಂದಲೇ. ದನಿಯ ಮಟ್ಟ ತೋರಿಸುವ ಪಟ್ಟಿಯಲ್ಲಿ ಒಂದು ಮಿತಿ ಇಡಬೇಕು. ಅದನ್ನು ದಾಟಿದ ಸದ್ದಿಗೆಲ್ಲ ಬಾಯಿ ತೆರೆಯುತ್ತದೆ. ಫ್ಯಾನ್ ಹಾಕಿ, ಕೀಬೋರ್ಡ್ ಕುಟ್ಟಿ, ಸುಮ್ಮನಿದ್ದು ಪಟ್ಟಿ ಎಲ್ಲಿಯವರೆಗೆ ಏರುತ್ತದೆ ನೋಡಿ. ಆಮೇಲೆ ಮಾಮೂಲಿ ದನಿಯಲ್ಲಿ ಮಾತಾಡಿ. ಮಿತಿ ಇವೆರಡರ ನಡುವೆ, ಫ್ಯಾನಿನ ಮಟ್ಟಕ್ಕಿಂತ ತುಸುವೇ ಮೇಲಿರಲಿ. ತೀರಾ ಮೇಲಿಟ್ಟರೆ ಕೂಗಿದಾಗ ಮಾತ್ರ ಬಾಯಿ ಬಿಡುವ ಗೊಂಬೆಯಾಗುತ್ತದೆ. ತೀರಾ ಕೆಳಗಿಟ್ಟರೆ ಕನ್ನಡದಲ್ಲಿ ಇನ್ನೊಂದು ತೊಂದರೆ: ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಕೊನೆಯಾಗುವುದರಿಂದ ದನಿ ಒಂದರಿಂದ ಇನ್ನೊಂದಕ್ಕೆ ಹರಿದುಹೋಗುತ್ತದೆ, ಇಡೀ ವಾಕ್ಯ ಮುಗಿಯುವವರೆಗೂ ಬಾಯಿ ತೆರೆದೇ ಇರುತ್ತದೆ. ‘ಪ್ಪ’, ‘ತ್ತ’, ‘ಟ್ಟ’ ಬಂದಾಗ ಬಾಯಿ ಕ್ಷಣ ಮುಚ್ಚುವಂತಿದ್ದರೆ ಹೊಂದಿಕೆ ಸರಿಯಾಗಿದೆ ಎಂದರ್ಥ. ‘ಅಪ್ಪ ಕೊಟ್ಟ ರೊಟ್ಟಿ ಹತ್ತು’ ಎಂದು ಹೇಳುತ್ತಾ ಪರೀಕ್ಷಿಸಿದರೆ ಸಾಕು.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಲೈವ್ ಕಳಿಸುವ ಸಾಫ್ಟ್‌ವೇರ್ ಆದ ಓಬಿಎಸ್‌ನಲ್ಲಿ ಹಿನ್ನೆಲೆ ಸದ್ದು ಅಡಗಿಸುವ ನಾಯ್ಸ್ ಸಪ್ರೆಶನ್ ಹಾಕಿರುತ್ತಾರೆ, ನೋಡುಗರಿಗೆ ಫ್ಯಾನ್ ಸದ್ದು ಕೇಳುವುದೇ ಇಲ್ಲ, ಆದರೂ ಗೊಂಬೆ ತಾನೇ ತಾನಾಗಿ ಬಾಯಿ ಆಡಿಸುತ್ತಿರುತ್ತದೆ. ಕಾರಣ ಸರಳ: ವೀಡೋಟ್ಯೂಬ್ ಮೈಕ್‌ನ ದನಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ, ಓಬಿಎಸ್‌ನ ಫಿಲ್ಟರ್ ದಾಟಿ ಬಂದದ್ದನ್ನಲ್ಲ. ಕುಕ್ಕರ್ ಸೀಟಿ ಹೊಡೆದರೆ ನೋಡುಗರಿಗೆ ಕೇಳದಿದ್ದರೂ ಗೊಂಬೆ ‘ಆ’ ಎನ್ನುತ್ತದೆ. ಇದಕ್ಕೆ ವಿಬಿ-ಕೇಬಲ್ ಎಂಬ ವರ್ಚುವಲ್ ಕೇಬಲ್ ಹಾಕಿಕೊಳ್ಳಿ. ಓಬಿಎಸ್ ಸೆಟ್ಟಿಂಗ್ಸ್‌ನ ಆಡಿಯೋ ವಿಭಾಗದಲ್ಲಿ ಮಾನಿಟರಿಂಗ್ ಸಾಧನವಾಗಿ ‘ಕೇಬಲ್ ಇನ್‌ಪುಟ್’ ಆರಿಸಿ, ಅಡ್ವಾನ್ಸ್‌ಡ್ ಆಡಿಯೋದಲ್ಲಿ ಮೈಕ್‌ಗೆ ‘ಮಾನಿಟರ್ ಅಂಡ್ ಔಟ್‌ಪುಟ್’ ಕೊಡಿ, ವೀಡೋಟ್ಯೂಬ್‌ನಲ್ಲಿ ಮೈಕ್ ಜಾಗಕ್ಕೆ ‘ಕೇಬಲ್ ಔಟ್‌ಪುಟ್’ ಹಾಕಿ. ಈಗ ಫಿಲ್ಟರ್ ಆದ ದನಿಯೇ ಗೊಂಬೆಗೂ ಹೋಗುತ್ತದೆ. ಬಾಯಿ ಚೂರು ತಡವಾಗಿ ಆಡಬಹುದು. ಹಾಗಾದರೆ ಅಡ್ವಾನ್ಸ್‌ಡ್ ಆಡಿಯೋದಲ್ಲೇ ದನಿಯನ್ನು ತಡಮಾಡುವ ಮೈಕ್‌ನ ಸಿಂಕ್ ಆಫ್‌ಸೆಟ್ 50 ಮಿಲಿಸೆಕೆಂಡಿನಿಂದ ಶುರುಮಾಡಿ ಏರಿಸುತ್ತ ನೋಡಿ. ಎನ್‌ವಿಡಿಯಾ ಆರ್‌ಟಿಎಕ್ಸ್ ಕಾರ್ಡ್ ಇದ್ದವರಿಗೆ ಈ ಸರ್ಕಸ್ ಬೇಡ, ಎನ್‌ವಿಡಿಯಾ ಬ್ರಾಡ್‌ಕಾಸ್ಟ್ ಕೊಡುವ ಮೈಕ್ ಅನ್ನೇ ಎರಡೂ ಕಡೆ ಆರಿಸಿಕೊಳ್ಳಬಹುದು. ಸ್ಪೀಕರ್‌ನಲ್ಲಿ ಗೇಮ್ ಸದ್ದು ಬಿಟ್ಟುಕೊಂಡವರಿಗೆ ಮಾತ್ರ ಹೆಡ್‌ಫೋನ್ ಬಿಟ್ಟರೆ ಬೇರೆ ದಾರಿಯಿಲ್ಲ.

ಓಬಿಎಸ್‌ಗೆ ತರುವುದು ಸುಲಭ. ವೀಡೋಟ್ಯೂಬ್‌ನಲ್ಲಿ ಹಿನ್ನೆಲೆ ಪಾರದರ್ಶಕ ಮಾಡಿ, ಓಬಿಎಸ್‌ನಲ್ಲಿ ಗೇಮ್ ಕ್ಯಾಪ್ಚರ್ ಸೇರಿಸಿ ಆ ವಿಂಡೋ ಆರಿಸಿ, ‘ಅಲೋ ಟ್ರಾನ್ಸ್‌ಪರೆನ್ಸಿ’ಗೆ ಟಿಕ್ ಹಾಕಿ. ಹಸಿರು ಹಿನ್ನೆಲೆ ಇಟ್ಟು, ಆ ಬಣ್ಣವನ್ನು ಅಳಿಸುವ ಕ್ರೋಮಾ ಕೀ ಹಾಕುವ ಹಳೆಯ ದಾರಿಯೂ ಇದೆ, ಆದರೆ ಕೂದಲಿನ ಅಂಚಿನಲ್ಲಿ ಹಸಿರು ಮಬ್ಬು ಉಳಿಯುತ್ತದೆ. ಗೊಂಬೆಗೆ ಹಸಿರು ಸೀರೆ ಉಡಿಸಿದ್ದರೆ ಸೀರೆಯೇ ಮಾಯ. ಲ್ಯಾಪ್‌ಟಾಪ್‌ನಲ್ಲಿ ಗೇಮ್ ಕ್ಯಾಪ್ಚರ್ ಬರೀ ಕಪ್ಪಾಗಿ ಕಂಡರೆ, ಓಬಿಎಸ್ ಒಂದು ಗ್ರಾಫಿಕ್ಸ್ ಚಿಪ್‌ನಲ್ಲಿ, ವೀಡೋಟ್ಯೂಬ್ ಇನ್ನೊಂದರಲ್ಲಿ ಓಡುತ್ತಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಗ್ರಾಫಿಕ್ಸ್ ಪುಟಕ್ಕೆ ಹೋಗಿ ಎರಡಕ್ಕೂ ಒಂದೇ ಚಿಪ್ ಕೊಡಿ, ಎರಡನ್ನೂ ಮುಚ್ಚಿ ತೆರೆಯಿರಿ. ವಿಂಡೋವನ್ನು ಮಿನಿಮೈಸ್ ಮಾಡಬೇಡಿ, ಬೇರೆ ವಿಂಡೋಗಳ ಹಿಂದೆ ಇದ್ದರೆ ಸಾಕು.

ನಗು, ಸಿಟ್ಟು, ಅಳು ಹೀಗೆ ಬೇರೆ ಬೇರೆ ಭಾವಗಳಿಗೆ ಪ್ರತ್ಯೇಕ ಸ್ಟೇಟ್ (ಒಂದು ಭಾವದ ಚಿತ್ರಗಳ ಗುಂಪು) ಮಾಡಿ ಕೀಬೋರ್ಡ್ ಕೀಲಿ ಕೊಡಬಹುದು. ಗೇಮ್‌ನಲ್ಲಿ ಬಳಸದ ಕೀಲಿ ಇರಲಿ. ಗೇಮ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದ್ದರೆ ಕೀಲಿ ಒತ್ತಿದ್ದು ವೀಡೋಟ್ಯೂಬ್‌ಗೆ ತಲುಪದು, ಅದನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಬೇಕು. ಮಾತಾಡುವಾಗ ಗೊಂಬೆ ಕುಣಿಯುವ, ನಡುಗುವ ಆಯ್ಕೆಗಳೂ ಇವೆ. ಸಣ್ಣ ಕುಣಿತ ಚೆಂದ. ನಡುಕವನ್ನು ಸಿಟ್ಟಿನ ಸ್ಟೇಟ್‌ಗೆ ಮಾತ್ರ ಇಟ್ಟುಕೊಳ್ಳುವುದು ನೋಡುಗರ ಕಣ್ಣಿಗೆ ಒಳ್ಳೆಯದು.

ಇದರ ಮಿತಿ ಸ್ಪಷ್ಟ: ಬಾಯಿ ತೆರೆದಿರುತ್ತದೆ ಇಲ್ಲವೇ ಮುಚ್ಚಿರುತ್ತದೆ, ನಡುವೆ ಏನೂ ಇಲ್ಲ. ಜಡೆ, ಜುಮಕಿ ಬೇರೆಯಾಗಿ ಓಲಾಡಬೇಕೆಂದರೆ ಪಿಎನ್‌ಜಿಟ್ಯೂಬರ್ ಪ್ಲಸ್ ನೋಡಿ. ಅದರಲ್ಲಿ ಲೇಯರ್‌ಗಳನ್ನೇ ಹಾಕಬಹುದು, ಆದರೆ ಹೊಂದಿಸುವ ಕೆಲಸ ಜಾಸ್ತಿ. ತುಟಿಯ ಆಕಾರವೇ ಬದಲಾಗಬೇಕೆಂದರೆ ವಿಟ್ಯೂಬ್ ಸ್ಟುಡಿಯೋ ಮತ್ತು ಲೈವ್2ಡಿ ಮಾಡೆಲ್ ಬೇಕು. ವಿಟ್ಯೂಬ್ ಸ್ಟುಡಿಯೋದ ಲಿಪ್‌ಸಿಂಕ್ (ದನಿಗೆ ತಕ್ಕಂತೆ ತುಟಿ ಆಡಿಸುವುದು) ಐದು ಸ್ವರಗಳನ್ನು ಗುರುತಿಸುತ್ತದೆ, ಜಪಾನಿ ಭಾಷೆಯ ಅ, ಇ, ಉ, ಎ, ಒ. ನಮ್ಮ ಮೂಲ ಸ್ವರಗಳೂ ಹೆಚ್ಚುಕಡಿಮೆ ಅವೇ ಆದ್ದರಿಂದ ಕನ್ನಡ ಮಾತಿಗೆ ಚೆನ್ನಾಗಿ ಒಗ್ಗುತ್ತದೆ. ಮೊದಲು ಒಂದೊಂದು ಸ್ವರವನ್ನೂ ನಿಮ್ಮ ಮಾಮೂಲಿ ದನಿಯಲ್ಲಿ ಎಳೆದು ಹೇಳಿ ಕ್ಯಾಲಿಬ್ರೇಟ್ ಮಾಡಿ. ಮೈಕ್ ಬದಲಿಸಿದರೆ ಮತ್ತೊಮ್ಮೆ ಮಾಡಿ. ವಿಟ್ಯೂಬ್ ಸ್ಟುಡಿಯೋವನ್ನು ಉಚಿತವಾಗಿ ಬಳಸಿದರೆ ಪರದೆಯಲ್ಲಿ ಸಣ್ಣ ವಾಟರ್‌ಮಾರ್ಕ್ ಇರುತ್ತದೆ, ಸ್ಟೀಮ್‌ನಲ್ಲಿ ಹಣ ಕೊಟ್ಟು ತೆಗೆಸಬಹುದು.