ಧಾರವಾಡದಿಂದ ಕಂಡ ಯುವನಿಧಿ: ಒಂದು ವಿಮರ್ಶೆ

ಧಾರವಾಡದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು, ಕರ್ನಾಟಕ ಸರ್ಕಾರ ನಿರುದ್ಯೋಗಿ ಯುವಜನರಿಗೆ ಭತ್ಯೆ ಕೊಡುವ ಯುವನಿಧಿ ಯೋಜನೆಯ ಫಲಾನುಭವಿಯಲ್ಲ. ಆದರೆ 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾದಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳ ಜೊತೆ ಕೂತು ಅರ್ಜಿ ತುಂಬಿಸಿದ್ದೇನೆ. ಹಣ ಬಂದಾಗಲೂ ಬಾರದಿದ್ದಾಗಲೂ ಅವರ ಮಾತು ಕೇಳಿದ್ದೇನೆ. ನಿರುದ್ಯೋಗವು ದೇಶದ ಬೆಳವಣಿಗೆಯನ್ನು ಹೇಗೆ ಕುಗ್ಗಿಸುತ್ತದೆ ಎಂದು ತರಗತಿಯಲ್ಲಿ ವಿವರಿಸುವವನಿಗೆ, ಆ ಹಾನಿಯನ್ನು ತಡೆಯಲು ಸರ್ಕಾರವೇ ಕೊಡುತ್ತಿರುವ ಸೇವೆಯೊಂದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಮತ್ತೆ ಸಿಗಲಿಕ್ಕಿಲ್ಲ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಯೋಜನೆಯ ಸ್ವರೂಪ ಸರಳವಾಗಿದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರು ಇದಕ್ಕೆ ಅರ್ಹರು. ಕೆಲಸ ಸಿಗುವವರೆಗೆ ಅಥವಾ ಹೆಚ್ಚೆಂದರೆ ಎರಡು ವರ್ಷ ಭತ್ಯೆ ನಡೆಯುತ್ತದೆ. 2022-23ರಲ್ಲಿ ಉತ್ತೀರ್ಣರಾದವರಿಂದ ಆರಂಭವಾದ ಈ ಯೋಜನೆಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ದೊರೆಯಿತು.

ಅರ್ಜಿ ಹಾಕುವ ಕೆಲಸದಲ್ಲಿ ದೂರುವಂಥದ್ದು ಹೆಚ್ಚಿಲ್ಲ. ಸೇವಾಸಿಂಧು ಪೋರ್ಟಲ್‌ನಲ್ಲಿ ಆಧಾರ್ ಸಂಖ್ಯೆ ಕೊಟ್ಟರೆ ಬಹುಪಾಲು ವಿವರ ತಾನಾಗಿಯೇ ತುಂಬಿಕೊಳ್ಳುತ್ತದೆ, ಮೊಬೈಲ್‌ನಲ್ಲಿ ಕಷ್ಟವಾದವರು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಬಹುದು. ತೊಡಕು ಬರುವುದು ಪ್ರಮಾಣಪತ್ರದ ವಿಷಯದಲ್ಲಿ. ಪದವಿ ಪಡೆದದ್ದಕ್ಕೆ ಪುರಾವೆ ರಾಷ್ಟ್ರೀಯ ಶೈಕ್ಷಣಿಕ ಠೇವಣಿಯಲ್ಲಿ, ಅಂದರೆ ಪ್ರಮಾಣಪತ್ರಗಳನ್ನು ಆನ್‌ಲೈನ್‌ನಲ್ಲಿ ಇಡುವ ಎನ್‌ಎಡಿ ಭಂಡಾರದಲ್ಲಿ, ಇರಬೇಕು, ಅದನ್ನು ಅಲ್ಲಿ ಸೇರಿಸಬೇಕಾದದ್ದು ಶಿಕ್ಷಣ ಸಂಸ್ಥೆ. ನವಲಗುಂದದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿ ಅಲ್ಲಿಗೆ ತಲುಪಿರಲಿಲ್ಲ. ಅವಳು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ತಿಂಗಳುಗಟ್ಟಲೆ ಅಲೆದಳು. ಬಿ.ಕಾಂ. ಮುಗಿಸಿದ ಹುಡುಗಿ ತಾನು ಬಿ.ಕಾಂ. ಮುಗಿಸಿದ್ದೇನೆಂದು ಸಾಬೀತುಪಡಿಸಲು ಬಸ್ ಚಾರ್ಜಿಗೆ ತಂದೆಯ ಮುಂದೆ ಕೈಚಾಚಬೇಕಾಯಿತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಇದು ಭತ್ಯೆ ಕೊಡುವವರ ತಪ್ಪಲ್ಲ ಎನ್ನಬಹುದು, ಆದರೆ ಬೇರೆಯವರು ಮಾಡಬೇಕಾದ ಕೆಲಸದ ಹೊಣೆಯನ್ನು ಅಭ್ಯರ್ಥಿಯ ತಲೆಗೆ ಕಟ್ಟುವ ನಿಯಮವನ್ನು ಮೊದಲೇ ಸರಿಪಡಿಸಬಹುದಿತ್ತು.

ಕೊನೆಗೂ ಹಣ ಜಮೆಯಾದ ದಿನ ಅವಳು ಫೋನ್ ಮಾಡಿ, "ಇನ್ನ ಅಪ್ಪಗ ರೊಕ್ಕ ಕೇಳೂದು ತಪ್ಪಿತ್ರಿ ಸರ್" ಎಂದಳು. ಈ ಸೇವೆಯ ನಿಜವಾದ ಬಲ ಈ ಮಾತಿನಲ್ಲಿದೆ. ಇಲ್ಲಿನ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಕೋಣೆ ಬಾಡಿಗೆಯ ಪಾಲು, ಖಾನಾವಳಿಯ ಊಟ, ಓದುವ ಕೊಠಡಿಯ ಶುಲ್ಕ ಮೂರನ್ನೂ 3,000 ರೂಪಾಯಿ ತೂಗಿಸುವುದಿಲ್ಲ, ಆದರೆ ಒಂದೆರಡನ್ನಾದರೂ ತೂಗಿಸುತ್ತದೆ. ಹೀಗೆ ಬಂದ ಹಣ ಉಳಿತಾಯವಾಗಿ ಕೂರದೆ ಅದೇ ವಾರ ಖಾನಾವಳಿಗೆ, ಕಿರಾಣಿ ಅಂಗಡಿಗೆ, ಪುಸ್ತಕದಂಗಡಿಗೆ ಹೋಗುತ್ತದೆ. ದುಡಿಯುವ ವಯಸ್ಸಿನವರ ಕೈ ಬರಿದಾದಾಗ ಬೇಡಿಕೆ ಕುಸಿದು, ಅದರಿಂದ ಇನ್ನಷ್ಟು ಕೆಲಸಗಳು ಕಡಿಮೆಯಾಗುವ ಸರಪಳಿಯನ್ನು ಈ ಸಣ್ಣ ಮೊತ್ತ ಸ್ವಲ್ಪಮಟ್ಟಿಗೆ ತಡೆಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಇದನ್ನು ಬಿಟ್ಟಿ ಹಣವೆಂದು ಹಗುರವಾಗಿ ಮಾತಾಡುವವರ ಜೊತೆ ನನಗೆ ಸಹಮತವಿಲ್ಲ.

ಆದರೂ ಬೇಡಿಕೆಯ ಕುಸಿತ ನಿರುದ್ಯೋಗದಿಂದಾಗುವ ಹಾನಿಯ ಒಂದು ಭಾಗ ಮಾತ್ರ, ಅದೂ ಸಣ್ಣ ಭಾಗ. ಅಧಿಕೃತ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಭಾರತದ ನಿರುದ್ಯೋಗ ಪ್ರಮಾಣ ಶೇ. 3.2. ಈ ಅಂಕಿಯನ್ನಷ್ಟೇ ನೋಡಿದವರು ನಮ್ಮದು ಬಹಳ ಸುಖಿ ದೇಶವೆಂದು ತಿಳಿಯಬಹುದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿಯೋ, 2022ರಲ್ಲಿ ಪದವೀಧರ ಯುವಜನರಲ್ಲಿ ಶೇ. 29.1ರಷ್ಟು ಮಂದಿಗೆ ಕೆಲಸವಿರಲಿಲ್ಲ, ಓದು ಬರಹ ಬಾರದ ಯುವಜನರಲ್ಲಿ ಆ ಪ್ರಮಾಣ ಶೇ. 3.4 ಮಾತ್ರ ಎಂದು ಹೇಳುತ್ತದೆ. ಬಡವನಿಗೆ ಕೆಲಸವಿಲ್ಲದೆ ಕೂರುವ ಶಕ್ತಿ ಇರುವುದಿಲ್ಲ, ಸಿಕ್ಕಿದ್ದನ್ನು ಮಾಡುತ್ತಾನೆ; ಓದಿದವರು ಓದಿಗೆ ತಕ್ಕ ಕೆಲಸಕ್ಕಾಗಿ ಮನೆಯವರ ದುಡಿಮೆಯ ಮೇಲೆ ಕಾಯುತ್ತಾರೆ. ಕಾಯಲಾರದವರು ಹೊಲಕ್ಕೆ ಮರಳುತ್ತಾರೆ. 2018-19ರಲ್ಲಿ ದೇಶದ ದುಡಿಯುವವರಲ್ಲಿ ಶೇ. 42.5ರಷ್ಟು ಜನ ಕೃಷಿಯಲ್ಲಿದ್ದರು, 2023-24ರ ಹೊತ್ತಿಗೆ ಆ ಪಾಲು ಶೇ. 46.1ಕ್ಕೆ ಏರಿತ್ತು. ಬೆಳೆಯುತ್ತಿರುವ ದೇಶದಲ್ಲಿ ಈ ಪಾಲು ಇಳಿಯಬೇಕು. ನಾಲ್ಕು ಎಕರೆಯಲ್ಲಿ ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ಮೂರನೆಯವನು ಕೈಜೋಡಿಸಿದರೆ ಬೆಳೆ ಹೆಚ್ಚುವುದಿಲ್ಲ, ಆದರೆ ಲೆಕ್ಕದಲ್ಲಿ ಅವನು ನಿರುದ್ಯೋಗಿಯಲ್ಲ. ಸಮಾಜ ಹದಿನೈದು ವರ್ಷ ಅವನ ಓದಿಗೆ ಹಾಕಿದ ಬಂಡವಾಳ ಹೀಗೆ ಲೆಕ್ಕಕ್ಕೇ ಸಿಗದೆ ಕರಗುತ್ತದೆ.

ಕಾಯುವ ಕಾಲ ಉದ್ದವಾದಷ್ಟೂ ಕಲಿತದ್ದು ಮಾಸುತ್ತದೆ, ಸಂದರ್ಶನದಲ್ಲಿ "ಇಷ್ಟು ದಿನ ಏನು ಮಾಡುತ್ತಿದ್ದಿರಿ" ಎಂಬ ಪ್ರಶ್ನೆ ಹರಿತವಾಗುತ್ತದೆ. ಆದ್ದರಿಂದ ಈ ಸೇವೆಯನ್ನು ಅಳೆಯುವಾಗ ನಾನು ಕೇಳುವ ಮುಖ್ಯ ಪ್ರಶ್ನೆ ಒಂದೇ: ಇದು ಕಾಯುವ ಅವಧಿಯನ್ನು ಕಡಿಮೆ ಮಾಡುತ್ತದೆಯೇ? ನನ್ನ ಅನುಭವದಲ್ಲಿ ಇಲ್ಲ, ಮತ್ತು ಅದಕ್ಕೆ ಕಾರಣ ಯೋಜನೆಯ ನಿಯಮಗಳಲ್ಲೇ ಇದೆ.

ಮೊದಲನೆಯದು 180 ದಿನಗಳ ನಿಯಮ. ಫಲಿತಾಂಶ ಬಂದ ಮೊದಲ ಆರು ತಿಂಗಳಲ್ಲಿ ಹುರುಪು ಹೆಚ್ಚಿರುತ್ತದೆ, ಓದು ತಾಜಾ ಇರುತ್ತದೆ. ಬೆಂಗಳೂರಿಗೋ ಹುಬ್ಬಳ್ಳಿಗೋ ಸಂದರ್ಶನಕ್ಕೆ ಹೋಗಲು, ಗಣಕದಲ್ಲಿ ಲೆಕ್ಕಪತ್ರ ಇಡುವ ಕೋರ್ಸಿಗೆ ಸೇರಲು ಹಣ ಬೇಕಾಗುವುದು ಆಗಲೇ. ಆ ಅವಧಿಗೆ ಯೋಜನೆ ಏನನ್ನೂ ಕೊಡುವುದಿಲ್ಲ. ನಿಜವಾಗಿ ಕೆಲಸವಿಲ್ಲದವರನ್ನು ಗುರುತಿಸಲು ಈ ಅಂತರ ಬೇಕು ಎಂಬ ವಾದ ನನಗೆ ಅರ್ಥವಾಗುತ್ತದೆ, ಆದರೆ ಮೊದಲ ಆರು ತಿಂಗಳಿಗೆ ಪ್ರಯಾಣ ಮತ್ತು ತರಬೇತಿಯ ವೆಚ್ಚವನ್ನಾದರೂ ಕೊಟ್ಟಿದ್ದರೆ ಎಷ್ಟೋ ಮಂದಿ ಭತ್ಯೆಯ ಹಂತಕ್ಕೇ ಬರುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಎರಡನೆಯ ನಿಯಮ. ಯಾವುದೇ ಉದ್ಯೋಗ ಸಿಕ್ಕರೂ ಭತ್ಯೆ ನಿಲ್ಲುತ್ತದೆ. ಅಪ್ರೆಂಟಿಸ್ ಭತ್ಯೆ ಪಡೆಯುತ್ತಿರುವವರೂ ಸ್ವಂತ ಉದ್ಯೋಗ ಮಾಡುವವರೂ ಇದಕ್ಕೆ ಅರ್ಹರಲ್ಲ. ತನಗೆ ಕೆಲಸವಿಲ್ಲವೆಂದು ಅಭ್ಯರ್ಥಿ ಆಗಾಗ ಸ್ವಯಂ ಘೋಷಣೆ ಮಾಡುತ್ತಿರಬೇಕು. ಹೊಲಿಗೆ ಯಂತ್ರ ಇಟ್ಟುಕೊಂಡು ಚಿಕ್ಕದಾಗಿ ಏನಾದರೂ ಆರಂಭಿಸೋಣವೆಂದುಕೊಂಡ ಹುಡುಗಿಗೆ, ಮೊದಲ ವರ್ಷ ಗಿರಾಕಿ ಬರುವ ಖಾತರಿಯಿಲ್ಲದ ಆ ಕೆಲಸಕ್ಕಾಗಿ ಖಚಿತವಾದ 3,000 ರೂಪಾಯಿ ಬಿಟ್ಟುಕೊಡಲು ಧೈರ್ಯ ಬರುವುದು ಹೇಗೆ? ಕೆಲಸ ಕಲಿಯಲು ಹೊರಟವರಿಗೆ ಭತ್ಯೆಯನ್ನು ತಟ್ಟನೆ ನಿಲ್ಲಿಸದೆ, ಗಳಿಕೆ ಹೆಚ್ಚಿದಂತೆ ಹಂತಹಂತವಾಗಿ ಇಳಿಸಿದ್ದರೆ ಇದೇ ಹಣ ಉದ್ಯೋಗಕ್ಕೆ ಮೆಟ್ಟಿಲಾಗುತ್ತಿತ್ತು.

ಸರ್ಕಾರ ಕೌಶಲ ತರಬೇತಿ ಮತ್ತು ಉದ್ಯೋಗ ಮೇಳಗಳನ್ನೂ ನಡೆಸುತ್ತದೆ, ಆದರೆ ನನ್ನ ವಿದ್ಯಾರ್ಥಿಗಳಿಗೆ ಅವು ಭತ್ಯೆಯೊಂದಿಗೆ ಬೆಸೆದುಕೊಂಡಂತೆ ಕಾಣಲಿಲ್ಲ. ಹಣ ಒಂದು ದಾರಿಯಲ್ಲಿ ಬಂದರೆ ತರಬೇತಿ ಇನ್ನೊಂದು ದಾರಿಯಲ್ಲಿತ್ತು.

ಮತ್ತೊಂದು ಮಾತನ್ನು ಹೇಳದೆ ಇರಲಾರೆ. ಕಾಯುವ ಅವಧಿಯನ್ನು ಉದ್ದ ಮಾಡುವುದರಲ್ಲಿ ಸರ್ಕಾರಿ ನೇಮಕಾತಿಯ ಪಾಲೂ ಇದೆ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ತಪ್ಪಿನಿಂದ ತುಂಬಿದ್ದರಿಂದ 2024ರ ಡಿಸೆಂಬರ್‌ನಲ್ಲಿ ಅದನ್ನೂ ಮತ್ತೊಮ್ಮೆ ನಡೆಸಬೇಕಾಯಿತು. ಒಂದು ಕೈಯಿಂದ ಭತ್ಯೆ ಕೊಟ್ಟು ಇನ್ನೊಂದು ಕೈಯಿಂದ ವರ್ಷಗಳನ್ನು ಕಿತ್ತುಕೊಂಡರೆ, ಪೂರ್ತಿ ಎರಡು ವರ್ಷ ಪಡೆದ 72,000 ರೂಪಾಯಿ ಆ ನಷ್ಟಕ್ಕೆ ಸಾಟಿಯಾಗುವುದಿಲ್ಲ.

ಹೀಗಿದ್ದೂ ಅರ್ಹರಾಗಿರುವವರು ಅರ್ಜಿ ಹಾಕಲೇಬೇಕು ಎಂದು ನಾನು ಹೇಳುತ್ತೇನೆ. ಫಲಿತಾಂಶ ಬಂದ ವಾರದಲ್ಲೇ ಪ್ರಮಾಣಪತ್ರ ಠೇವಣಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಸ್ವಯಂ ಘೋಷಣೆಯ ದಿನ ತಪ್ಪಿಸಬೇಡಿ. ನವಲಗುಂದದ ಆ ಹುಡುಗಿ ಭತ್ಯೆಯ ಹಣದಲ್ಲೇ ಲೆಕ್ಕಪತ್ರದ ಕೋರ್ಸು ಮುಗಿಸಿ, ಹುಬ್ಬಳ್ಳಿಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ, ಭತ್ಯೆ ನಿಲ್ಲಿಸಿರೆಂದು ತಾನೇ ತಿಳಿಸಿದಳು. ಅವಳ ತಮ್ಮ ಈಗ ಪದವಿ ಮುಗಿಸಿ 180 ದಿನಗಳನ್ನು ಎಣಿಸುತ್ತಿದ್ದಾನೆ. ಆ ಆರು ತಿಂಗಳ ಕೋಣೆ ಬಾಡಿಗೆಯನ್ನು ಅವಳೇ ಕಟ್ಟುತ್ತಿದ್ದಾಳೆ.